ಬೀಗಿತಿ ಹಾಡಿನ ಜವಾಬು

ಮುತ್ತಿನಕೊಪ್ಪದ ಸುತ್ತಮುತ್ತ ಕೂಲಿ ಮಾಡುವವರ ಕೇರಿಗಳಲ್ಲಿ ಮದುವೆ ನಿಶ್ಚಯವಾದರೆ ಚಪ್ಪರದವನಿಗೆ ಹೇಳುವ ಮುಂಚೆ ಚಿಕ್ಕಕ್ಕನಿಗೆ ಹೇಳುತ್ತಿದ್ದರು. ಸಾರಿಗೆ ಉಪ್ಪು ಹೆಚ್ಚಾದರೆ ಜನ ಒಂದು ವಾರ ಆಡಿಕೊಂಡು ಬಿಟ್ಟುಬಿಡುತ್ತಾರೆ. ಬೀಗಿತಿ ಹಾಡು ಸಪ್ಪೆಯಾಯಿತೋ, ಆ ಹುಡುಗಿಗೆ ಮಕ್ಕಳಾಗಿ, ಆ ಮಕ್ಕಳ ಮದುವೆಗೆ ಬಂದವರೂ ಅದನ್ನೇ ಎತ್ತಿ ಆಡುತ್ತಾರೆ. ಹಾಗಾಗಿ ಎಲ್ಲರಿಗೂ ಚಿಕ್ಕಕ್ಕನೇ ಬೇಕು.

ನಾನು ವೃಷಭೇಂದ್ರಪ್ಪ. ಬಸ್‌ಸ್ಟಾಪಿನ ಎದುರು ನನ್ನದೊಂದು ಹಿಟ್ಟಿನ ಗಿರಣಿ ಇದೆ. ಚಿಕ್ಕಕ್ಕ ನನ್ನನ್ನು ಸಾವ್ಕಾರ್ರೇ ಎಂದು ಕರೆಯುತ್ತಾಳೆ. ತಲೆಯಿಂದ ಕಾಲಿನವರೆಗೆ ಅಕ್ಕಿಹಿಟ್ಟು ಮೆತ್ತಿಕೊಂಡು ಕೂತವನನ್ನು ಹಾಗೆ ಕರೆಯುವುದರಲ್ಲಿ ಗೌರವ ಎಷ್ಟು, ಗೇಲಿ ಎಷ್ಟು ಎಂದು ನನಗೆ ಇವತ್ತಿಗೂ ಗೊತ್ತಾಗಿಲ್ಲ. ಬೇರೆಯವರ ತೋಟ, ಗದ್ದೆಯಲ್ಲಿ ಕೆಲಸ ಮಾಡಿ ಬದುಕಿದವಳು. ಗಂಡ ಗಿಡ್ಡಯ್ಯ ಮಾತೇ ಆಡದ ಮನುಷ್ಯ. ಮನೆಗೆ ಬೇಕಾದ ಮಾತನ್ನೆಲ್ಲ ಇವಳೊಬ್ಬಳೇ ಆಡುತ್ತಿದ್ದಳು. ಹಾಡಿಗೆ ದನಿ ಎತ್ತಿದರಂತೂ ನನ್ನ ಗಿರಣಿಯ ಬೆಲ್ಟಿನ ಸದ್ದೂ ಕೇಳುತ್ತಿರಲಿಲ್ಲ.

ಬೀಗಿತಿ ಹಾಡು ಗೊತ್ತಿಲ್ಲದವರಿಗೆ ಒಂದು ಮಾತು ಹೇಳಿಬಿಡುತ್ತೇನೆ. ಧಾರೆಯಾದ ಮೇಲೆ ಹೆಣ್ಣಿನ ಕಡೆಯ ಹೆಂಗಸರು ಗಂಡಿನ ತಾಯಿಯನ್ನು ಎದುರಿಗೆ ಕೂರಿಸಿಕೊಂಡು ಹಾಡಿನಲ್ಲೇ ಮಾನ ಕಳೆಯುತ್ತಾರೆ. ನಮ್ಮ ಬೀಗಿತಿ ಒಂದು ಕೊಳಗ ಅನ್ನ ಉಂಡಳು, ಕಪ್ಪೆ ಕಂಡು ಮರ ಹತ್ತಿದಳು, ಹೀಗೆ. ಇದು ಸವಾಲು. ಅದರಲ್ಲಿರುವುದು ಪೂರಾ ಸುಳ್ಳು ಎಂದು ಮಡಿಲಲ್ಲಿ ಕೂತ ಮಗುವಿಗೂ ಗೊತ್ತಿರುತ್ತದೆ. ಆ ಸುಳ್ಳನ್ನು ಮುರಿಯುವುದು ಜವಾಬಿನ ಕೆಲಸ. ಗಂಡಿನ ಕಡೆಯವರು ಅದೇ ಧಾಟಿಯಲ್ಲಿ ಅಲ್ಲಿಯೇ ಜವಾಬು ಕಟ್ಟಬೇಕು, ಕಟ್ಟುವವರೆಗೆ ಬೀಗಿತಿ ಎಲೆಯ ಮುಂದೆ ಕೂರುವಂತಿಲ್ಲ. ಸವಾಲು ಹಾಕಿದವಳು ಯಾವ ಕಾರಣಕ್ಕೂ ಜವಾಬನ್ನು ತಾನೇ ಹೇಳಬಾರದು. ಹೇಳಿದರೆ ಎರಡೂ ಕಡೆ ಉಂಡವಳು ಎಂದು ಕೈ ತಟ್ಟಿ ನಗುತ್ತಾರೆ. ಚಿಕ್ಕಕ್ಕ ಆ ಕಟ್ಟನ್ನು ಒಂದು ದಿನವೂ ಮುರಿದವಳಲ್ಲ.

ಅವಳಿಗೆ ಒಬ್ಬಳೇ ಮಗಳು, ರೇಖಾ. ತಾಯಿಯ ಬೆನ್ನ ಹಿಂದೆ ಕೂತು ಸೊಲ್ಲು ಎತ್ತಿಕೊಡುತ್ತಾ ಬೆಳೆದ ಹುಡುಗಿ. ಶೃಂಗೇರಿ ಕಡೆ ಬೇಗಾರಿನ ಸುಂದರೇಶನಿಗೆ ಕೊಟ್ಟಿದ್ದರು. ಅಲ್ಲಿಗೆ ಹೋಗಿ ಬರುವುದೆಂದರೆ ಒಂದು ದಿನದ ಕೂಲಿ ಬಿಡಬೇಕು. ಹಾಗಾಗಿ ತಾಯಿ ಮಗಳ ಮಾತುಕತೆಯೆಲ್ಲ ನನ್ನ ಗಿರಣಿಯ ಗೋಡೆಗೆ ತೂಗುಹಾಕಿದ್ದ ಕೆಂಪು ಕಾಯಿನ್ ಬಾಕ್ಸ್ ಫೋನಿನಲ್ಲಿ ನಡೆಯುತ್ತಿತ್ತು. ನಂಬರ್ ಒತ್ತಬೇಕು, ಆ ಕಡೆಯವರು ಎತ್ತಿದ ಮೇಲೆ ರೂಪಾಯಿ ಹಾಕಬೇಕು, ಎತ್ತದಿದ್ದರೆ ರೂಪಾಯಿ ನಮ್ಮ ಕೈಯಲ್ಲೇ ಇರುತ್ತದೆ. ಸುಂದರೇಶ ಆಗಷ್ಟೇ ಒಂದು ಮೊಬೈಲ್ ತಗೊಂಡಿದ್ದ. ಚಿಕ್ಕಕ್ಕ ಫೋನಿಗೆ ಬಂದಳೆಂದರೆ ನಾನು ಗಿರಣಿ ನಿಲ್ಲಿಸಿ ಕೂರುತ್ತಿದ್ದೆ. ಅವಳ ಮಾತು ಕೇಳಬಾರದೆಂದರೂ ಕಿವಿಗೆ ಬೀಳುತ್ತಿತ್ತು, ಹಾಗೆ ಕಿರುಚುತ್ತಿದ್ದಳು.

೨೦೦೭ರ ಚಳಿಗಾಲದಲ್ಲಿ ನಮ್ಮ ಕಡೆ ಮಂಗನ ಕಾಯಿಲೆಯ ಭಯ ಎದ್ದಿತು. ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದವು. ಸತ್ತ ಮಂಗನ ಮೈಮೇಲಿನ ಉಣುಗು, ಅಂದರೆ ಉಣ್ಣೆ, ತರಗೆಲೆಗೆ ಇಳಿದು, ಆ ತರಗೆಲೆ ಗುಡಿಸಲು ಹೋದವರನ್ನು ಕಚ್ಚಿದರೆ ಜ್ವರ. ನಮ್ಮಲ್ಲಿ ಕೊಟ್ಟಿಗೆಗೆ ಹಾಸಲು ತರಗೆಲೆ ತರದ ಹೆಂಗಸು ಯಾರಿದ್ದಾರೆ? ಆಗ ಒಂದು ಸೇವಾಸಂಸ್ಥೆಯಿಂದ ಶ್ವೇತ ಎಂಬ ಹುಡುಗಿ ಬಂದಳು. ಜನರಿಗೆ ತಿಳಿವಳಿಕೆ ಕೊಡುವುದು ಹೇಗೆಂದು ಯೋಜನೆ ಹಾಕುವುದೇ ಅವಳ ಕೆಲಸವಂತೆ. ನನಗೆ ಮೊದಲು ನಗು ಬಂತು. ಹೇಳುವುದನ್ನು ಹೇಳಲಿಕ್ಕೆ ಯೋಜನೆ ಯಾಕೆ ಎಂದುಕೊಂಡೆ.

ಆದರೆ ಹುಡುಗಿ ಬುದ್ಧಿವಂತೆ, ಸುಮ್ಮನೆ ಹೇಳಬಾರದು. ಅವಳಿಗಿಂತ ಮುಂಚೆ ಯಾರೋ ಬಂದು ಬಸ್‌ಸ್ಟಾಪಿನಲ್ಲಿ ಮಂಗನ ಚಿತ್ರದ ದೊಡ್ಡ ಪೋಸ್ಟರ್ ಅಂಟಿಸಿ ಹೋಗಿದ್ದರು. ಎರಡು ದಿನಕ್ಕೆ ಅದರ ಹಣೆಗೆ ಕುಂಕುಮ ಬಿದ್ದಿತ್ತು, ಕಿವಿಗೆ ದಾಸವಾಳ ಏರಿತ್ತು. ಶನಿವಾರ ಯಾರೋ ಊದುಬತ್ತಿಯನ್ನೂ ಹಚ್ಚಿದರು. ಮೈಕು ಕಟ್ಟಿದ ಜೀಪು ಬರುತ್ತಿದ್ದುದು ಹೊತ್ತೇರಿದ ಮೇಲೆ. ಆಗ ಕೇರಿಯಲ್ಲಿ ಇರುತ್ತಿದ್ದವು ಕೋಳಿಗಳು ಮಾತ್ರ. ಶ್ವೇತ ಇದನ್ನೆಲ್ಲ ನೋಡಿ ನನ್ನ ಗಿರಣಿ ಜಗಲಿಯಲ್ಲಿ ಕೂತು, ಅಕ್ಕಿ ಹಿಡಿದು ಬಂದ ಹೆಂಗಸರನ್ನು ಕೇಳುತ್ತಿದ್ದಳು. ನೀವು ಯಾರು ಹೇಳಿದರೆ ನಂಬುತ್ತೀರಿ, ಯಾವ ಹೊತ್ತಿನಲ್ಲಿ ಕಿವಿ ಕೊಡುತ್ತೀರಿ, ಏನು ಕೇಳಿದರೆ ಇನ್ನೊಬ್ಬರಿಗೆ ಹೇಳುತ್ತೀರಿ ಎಂದು. ನನ್ನ ಹೆಂಡತಿ ಪ್ರೇಮಕ್ಕ ಒಳಗಿನಿಂದಲೇ ಕೂಗಿದಳು: "ಚಿಕ್ಕಕ್ಕ ಹಾಡಿದ್ರೆ ಕೇಳ್ತಾರೆ, ಕೇಳಿದ್ದನ್ನ ಊರೆಲ್ಲ ಹಾಡ್ಕೊಂಡು ತಿರುಗ್ತಾರೆ. ಅದ್ಕಿಂತ ಎಂತ ಬೇಕು ನಿಂಗೆ?"

ಹಾಗೆ ಆ ಹಾಡು ಹುಟ್ಟಿತು. ಶ್ವೇತಳಿಗೆ ಹೇಳಬೇಕಾದದ್ದು ಬಹಳ ಇತ್ತು. ಮೈಗೆ ಎಣ್ಣೆ ಹಚ್ಚಬೇಕು, ಬಂದ ಮೇಲೆ ಬಿಸಿನೀರು ಸ್ನಾನ ಮಾಡಬೇಕು, ಸತ್ತ ಮಂಗ ಮುಟ್ಟಬಾರದು, ಜ್ವರ ಬಾರದ ಹಾಗೆ ಸೂಜಿ ಒಂದು ಸಲ ಹಾಕಿಸಿಕೊಂಡು ತಿಂಗಳ ಮೇಲೆ ಇನ್ನೊಂದು ಹಾಕಿಸಿಕೊಳ್ಳಬೇಕು, ಆಮೇಲೂ ಬಿಡದೆ ಕಾಲಕಾಲಕ್ಕೆ ಹಾಕಿಸಿಕೊಳ್ಳುತ್ತಿರಬೇಕು. ಚಿಕ್ಕಕ್ಕ ತಲೆ ಮೇಲೆ ಕೈ ಇಟ್ಟುಕೊಂಡಳು. ಕೊನೆಗೆ ಶ್ವೇತಳೇ, ಒಂದು ಹಾಡಿಗೆ ಒಂದೇ ಮಾತು ಎಂದು ತೀರ್ಮಾನಿಸಿದಳು. ಮೊದಲ ಸೂಜಿಗೆ ಕೈ ಊದಿಕೊಂಡು ಕೂಲಿ ತಪ್ಪಿದವರು ಎರಡನೆಯದಕ್ಕೆ ಬರುತ್ತಿರಲಿಲ್ಲ, ಅವರನ್ನು ಬರಿಸಬೇಕು. ಉಳಿದದ್ದು ಮುಂದಿನ ವರ್ಷದ ಹಾಡಿಗೆ. ಚಿಕ್ಕಕ್ಕ ಒಂದೇ ದಿನದಲ್ಲಿ ಸವಾಲು ಕಟ್ಟಿದಳು:

ಒಂದು ಸೂಜಿಯ ಚುಚ್ಚಿಸ್ಕೊಂಡು ಬೀಗಿತಿ ಹುಲಿಯಾದ್ಲು
ಸೆರಗ ಸೊಂಟಕ್ಕೆ ಸಿಗಿಸ್ಯಾಳು, ಕಾಡೀಗೆ
ಹೆದರೋಳು ನಾನಲ್ಲ ಸರಿಯೆಂದ್ಲು

ಜವಾಬನ್ನೂ ಅವಳೇ ಕಟ್ಟಿದಳು, ಆದರೆ ಹಾಡಲು ಒಪ್ಪಲಿಲ್ಲ. ಪಕ್ಕದ ಮನೆಯ ಜಲಜಮ್ಮನಿಗೆ ಕಲಿಸಿದಳು:

ಒಂದಕ್ಕೇ ಹುಲಿಯಾಗಿ ಓಡಬೇಡ ಬೀಗಿತಿ
ತಿಂಗಳು ಕಳೆದು ಮತ್ತೊಂದು ಚುಚ್ಚಿಸ್ಕೋ
ಉಣುಗಿನ ಬಾಯಿಗೆ ಬೀಳಬೇಡ

ನರಸಿಂಹರಾಜಪುರದಲ್ಲಿ ರಾಜಶೇಖರ್ ಎಂಬಾತನ ಮೊಬೈಲ್ ಅಂಗಡಿ ಇತ್ತು. ಅವನ ಕಂಪ್ಯೂಟರಿನಲ್ಲೇ ರೆಕಾರ್ಡ್ ಆಯಿತು. ಮುಂದೆ ಒಂದು ಡೋಲು, ಆಮೇಲೆ ಸವಾಲು, ನಡುವೆ ಹೆಂಗಸರ ನಗು, ಆಮೇಲೆ ಜವಾಬು. ಶ್ವೇತ ಕಣ್ಣು ಮುಚ್ಚಿಕೊಂಡು ಕೇಳಿ, ಚಿಕ್ಕಕ್ಕನ ಕೈ ಹಿಡಿದು ಕುಣಿದುಬಿಟ್ಟಳು. ಸಂಜೆ ಜನ ಮನೆಗೆ ಬಂದ ಮೇಲೆ ಜೀಪಿನಲ್ಲಿ ಹಾಕಿಸಿದಳು. ಅಷ್ಟಕ್ಕೇ ಬಿಡದೆ, ಈಗ ಹುಡುಗರ ಕೈಗೆಲ್ಲ ಮೊಬೈಲ್ ಬಂದಿದೆ, ರಿಂಗ್‌ಟೋನ್ ಮಾಡಿ ಕೊಡಿ, ಒಬ್ಬರಿಂದ ಒಬ್ಬರಿಗೆ ತಾನೇ ಹೋಗುತ್ತದೆ ಎಂದು ರಾಜಶೇಖರನಿಗೆ ಹೇಳಿದಳು.

ಹೋಯಿತು ಮಾರಾಯರೇ, ಹೇಗೆ ಹೋಯಿತು ಎನ್ನುತ್ತೀರಿ! ಕೊಪ್ಪದ ಬಸ್ಸಿನಲ್ಲಿ ಚಿಕ್ಕಕ್ಕ, ಹಿರೇಕೊಡಿಗೆಯ ಗದ್ದೆ ಬದುವಿನಲ್ಲಿ ಚಿಕ್ಕಕ್ಕ, ಶೃಂಗೇರಿಯ ಹೋಟೆಲಿನಲ್ಲಿ ದೋಸೆ ತಿನ್ನುವವನ ಜೇಬಿನಲ್ಲಿ ಚಿಕ್ಕಕ್ಕ. ಕಾಸು ಕೊಡದೆ ಬ್ಲೂಟೂತಿನಲ್ಲಿ ಒಂದು ಫೋನಿನಿಂದ ಇನ್ನೊಂದಕ್ಕೆ ಹಾರುತ್ತಿತ್ತು. ಅವಳು ಗಿರಣಿಗೆ ಬಂದಾಗ ಯಾರದಾದರೂ ಫೋನ್ ಬಾರಿಸಿದರೆ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, "ಸಾಕು, ಎತ್ತೋ ಮಾರಾಯ, ನನ್ನ ಗಂಟ್ಲು ನೋಯ್ತದೆ" ಎನ್ನುತ್ತಿದ್ದಳು. ಆ ಎರಡು ತಿಂಗಳು ಅವಳಷ್ಟು ಸಂತೋಷದಲ್ಲಿ ಇದ್ದವರು ನಮ್ಮೂರಲ್ಲಿ ಇರಲಿಲ್ಲ.

ಎತ್ತೋ ಮಾರಾಯ ಎಂದಳಲ್ಲ, ಎಲ್ಲರೂ ಎತ್ತುತ್ತಿದ್ದರು. ಫೋನ್ ಇರುವುದೇ ಎತ್ತಲಿಕ್ಕೆ. ಮೊಬೈಲು ಬಾರಿಸುವುದೇ ಸ್ವಲ್ಪ ಹೊತ್ತು, ಅದರಲ್ಲಿ ಡೋಲು ಮುಗಿದು ಸವಾಲು ಮುಗಿಯುವಷ್ಟಕ್ಕೆ ರಾಜಶೇಖರ್ ಕತ್ತರಿಸಿದ್ದ. ಅವನ ತಲೆಗೆ ಅದು ಚೆಂದದ ತುಂಡು, ಅಷ್ಟೇ. ನಮ್ಮ ತಲೆಗೂ ಬರಲಿಲ್ಲ, ಯಾಕೆಂದರೆ ಸವಾಲು ಕೇಳಿದ ಕೂಡಲೇ ಜವಾಬು ನಮ್ಮೊಳಗೆ ತಾನಾಗಿ ಬರುತ್ತಿತ್ತು. ನಾವು ಜೀಪಿನಲ್ಲಿ ಪೂರ್ತಿ ಕೇಳಿದ್ದೆವು, ಕಟ್ಟಿದವಳು ನಮ್ಮ ಪಕ್ಕದಲ್ಲೇ ಇದ್ದಳು. ಜೀಪು ಹೋಗದ ಊರಿಗೂ ರಿಂಗ್‌ಟೋನ್ ಹೋಗಿತ್ತು. ಅಲ್ಲಿ ಆ ಹಾಡಿಗೆ ಜವಾಬೇ ಇರಲಿಲ್ಲ. ಚಪ್ಪರದಲ್ಲಿ ಎಲ್ಲರೂ ನಕ್ಕು ಬಿಟ್ಟುಬಿಡುವ ಬಡಾಯಿ, ಜೇಬಿನಿಂದ ಬಂದಾಗ ಬುದ್ಧಿಮಾತಿನ ಹಾಗೆ ಕೇಳಿಸಿತು.

ಬೇಗಾರಿಗೆ ಜೀಪು ಹೋಗಿರಲಿಲ್ಲ. ಒಂದು ಸಂಜೆ ಚಿಕ್ಕಕ್ಕ ಮಗಳಿಗೆ ಫೋನ್ ಮಾಡಿದಾಗ ರೇಖಾ ಎತ್ತಿದವಳೇ ನಗತೊಡಗಿದಳಂತೆ. ಚಿಕ್ಕಕ್ಕ ಅವಳ ಮಾತನ್ನು ನಮಗೆಲ್ಲ ಕೇಳುವ ಹಾಗೆ ಮತ್ತೆ ಹೇಳುತ್ತಿದ್ದಳು. "ಎಂತ? ನಾನು ಫೋನ್ ಮಾಡಿದ್ರೆ ನಾನೇ ಹಾಡ್ತೀನಾ ಅಲ್ಲಿ? ನಿಮ್ಮತ್ತೆ ಎಂತ ಹೇಳ್ತು? ಬೀಗಿತಿ ಮನೆ ಒಳಗೇ ಬಂದು ಕೂತಳು ಅಂತಾ?" ಆಮೇಲೆ ಮಗಳು ಕೇಳಿದ್ದಕ್ಕೆ ದೊಡ್ಡದಾಗಿ ನಕ್ಕಳು. "ಜವಾಬು ಎಂತ ಅಂತ ನನ್ನ ಕೇಳ್ತೀಯೇನೆ? ಚೆಂದ ಆತು! ಸವಾಲು ಹಾಕಿದೋಳು ಜವಾಬು ಹೇಳಿದ್ದುಂಟಾ? ನೀನೀಗ ಆ ಕಡೆಯೋಳು. ನೀನೇ ಕಟ್ಟು. ಹಬ್ಬಕ್ಕೆ ಬರ್ತೀಯಲ್ಲ, ಆಗ ಕೇಳ್ತೀನಿ, ಹೆಂಗೆ ಕಟ್ಟೀಯ ಅಂತ."

ರೂಪಾಯಿ ಮುಗಿದು ಫೋನ್ ಕಟ್ಟಾಯಿತು. ಮಗಳು ಜವಾಬು ಕಟ್ಟುತ್ತಾಳೆ ಎಂದು ಅವಳು ಹಿಗ್ಗಿಕೊಂಡು, ಹಿಟ್ಟಿನ ಪಾತ್ರೆಯನ್ನು ನನ್ನಲ್ಲೇ ಮರೆತು ಹೋದಳು.

ಹಬ್ಬ ಬರುವ ಮುಂಚೆ ಜ್ವರ ಬಂತು. ಸುಂದರೇಶ ನನ್ನ ಮನೆಯ ಫೋನಿಗೇ ಮಾಡಿ, ಅತ್ತೆಯನ್ನು ಕಳಿಸಿಕೊಡಿ ಎಂದ. ರೇಖಾಳಿಗೆ ತಲೆ ಸಿಡಿದುಹೋಗುವಂಥ ನೋವು, ಕಣ್ಣು ಕೆಂಪಾಗಿದೆ, ವಸಡಿನಲ್ಲಿ ರಕ್ತ ಬರುತ್ತಿದೆ, ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದೇವೆ ಎಂದ. ನಾನೇ ಚಿಕ್ಕಕ್ಕನನ್ನೂ ಗಿಡ್ಡಯ್ಯನನ್ನೂ ಬಸ್ಸು ಹತ್ತಿಸಿದೆ. ಕಿಟಕಿಯಿಂದ ಅವಳು, "ಸೂಜಿ ಹಾಕಿಸ್ಕೊಂಡಿದಾಳೆ ಸಾವ್ಕಾರ್ರೇ, ಇದು ಆ ಜ್ವರ ಆಗಿರಲಿಕ್ಕಿಲ್ಲ" ಎಂದು ನನಗೇ ಸಮಾಧಾನ ಹೇಳಿದಳು. ನಾನೂ ಹೌದು ಹೌದು ಎಂದು ತಲೆಯಾಡಿಸಿದೆ.

ಅದು ಆ ಜ್ವರವೇ ಆಗಿತ್ತು. ರೇಖಾ ಉಳಿಯಲಿಲ್ಲ.

ಆಸ್ಪತ್ರೆಯಲ್ಲಿ ಒಮ್ಮೆ ಎಚ್ಚರವಾದಾಗ ತಾಯಿಯನ್ನು ನೋಡಿ, "ಜವಾಬು ಕಟ್ಟಿದೀನವ್ವಾ" ಎಂದಳಂತೆ. ಚಿಕ್ಕಕ್ಕನಿಗೆ ಅದು ಜ್ವರದ ಬಡಬಡಿಕೆ ಎನ್ನಿಸಿ, ಆತು ಕಣೆ, ಸುಮ್ಮನೆ ಮಲಗು ಎಂದಿದ್ದಳು.

ಮಣ್ಣು ಮಾಡಿ ಬಂದ ಮೇಲೆ ಬೇಗಾರಿನ ಆ ಮನೆಯಲ್ಲಿ ಎಲ್ಲರೂ ಗೋಡೆಗೆ ಒರಗಿ ಕೂತಿದ್ದರು. ನಾನೂ ಪ್ರೇಮಕ್ಕನೂ ಹೋಗಿದ್ದೆವು. ಸೂಜಿ ಹಾಕಿಸಿಕೊಂಡವಳಿಗೆ ಹೀಗ್ಯಾಕಾಯಿತು ಎಂದು ಚಿಕ್ಕಕ್ಕ ಯಾರನ್ನೂ ನೋಡದೆ ಕೇಳುತ್ತಿದ್ದಳು. ಸುಂದರೇಶ ತಲೆ ಎತ್ತದೆಯೇ ಹೇಳಿದ. "ಒಂದು ಹಾಕಿಸ್ಕೊಂಡಿದ್ಲು ಅತ್ತೆ. ಎರಡ್ನೇ ಸಲ ಸಿಸ್ಟರ್ ಮನೆಗೇ ಬಂದಿದ್ರು. ಇವಳಿಗೆ ಮೊದಲ್ನೇದಕ್ಕೆ ಕೈ ಊದಿತ್ತು ನೋಡಿ. ನಮ್ಮವ್ವನೇ ಒಂದು ಸಾಕು ಅಂತ ಹಾಡಿದಾಳೆ, ನಿಮಗಿಂತ ನಮ್ಮವ್ವಂಗೆ ಗೊತ್ತು ಅಂದ್ಲು. ಸಿಸ್ಟರ್ ಎಷ್ಟು ಹೇಳಿದ್ರೂ ಕೇಳ್ಲಿಲ್ಲ. ನಾವೂ ನಕ್ಕೊಂಡು ಸುಮ್ನಾದ್ವಿ."

ಚಿಕ್ಕಕ್ಕ ಅಳಲಿಲ್ಲ. ನನಗೆ ಅದನ್ನು ನೋಡಲಾಗಲಿಲ್ಲ, ಎದ್ದು ಅಂಗಳಕ್ಕೆ ಬಂದೆ. ಅಲ್ಲಿ ರೇಖಾಳ ಮಗಳು ನಿಶ್ಮಿತ ಆಡುತ್ತಿದ್ದಳು. ನಾಲ್ಕು ವರ್ಷದ ಕೂಸು, ಮನೆಯಲ್ಲಿ ಏನಾಗಿದೆ ಎಂದು ತಿಳಿಯುವ ವಯಸ್ಸಲ್ಲ. ತೆಂಗಿನ ಗರಿಯೊಂದನ್ನು ಎಳೆದುಕೊಂಡು ತಿರುಗುತ್ತಾ, ಅಜ್ಜಿಯದೇ ಧಾಟಿಯಲ್ಲಿ ಹಾಡಿಕೊಳ್ಳುತ್ತಿತ್ತು.

ಹುಲಿಯ ಹೊಟ್ಟೇಲಿ ಹುಟ್ಟಿದ ಮರಿ ನಾನು
ಒಂದೇ ಸೂಜಿಯು ನನಗೆ ಸಾಕು, ನಮ್ಮವ್ವನ
ಮಾತು ಮೈಗೆಲ್ಲ ಮದ್ದಾಯ್ತು

ನಾನು ತಿರುಗಿ ನೋಡಿದರೆ ಚಿಕ್ಕಕ್ಕ ಬಾಗಿಲಲ್ಲಿ ನಿಂತಿದ್ದಳು. "ಯಾರು ಹೇಳಿಕೊಟ್ಟಿದ್ದು ಕೂಸೆ?" ಎಂದು ಕೇಳಿದಳು. "ಅಮ್ಮ. ಅಜ್ಜಿ ಮನೆಗೆ ಹೋದಾಗ ಹೇಳ್ಬೇಕು ಅಂತ" ಎಂದಿತು ಮಗು. ಆ ಮನೆಗೆ ಬೀಗಿತಿ ಎಂದರೆ ಚಿಕ್ಕಕ್ಕನೇ ತಾನೆ. ಹಾಡಿನ ಹುಲಿ ತನ್ನ ತಾಯಿಯೇ ಎಂದುಕೊಂಡಿದ್ದಳು ರೇಖಾ. ಆಡಿಕೊಳ್ಳುವ ಜವಾಬು ಕಟ್ಟಲು ಅವಳಿಗೆ ಮನಸ್ಸು ಬಂದಿರಲಿಲ್ಲ, ಹೊಗಳಿ ಕಟ್ಟಿದ್ದಳು. ಚಿಕ್ಕಕ್ಕ ಹೊಸಿಲ ಮೇಲೆ ಕುಸಿದು ಕೂತಳು. ಆಗ ಬಂತು ನೋಡಿ ಅಳು. ಅಂಥ ಅಳುವನ್ನು ನಾನು ಮೊದಲು ಕೇಳಿರಲಿಲ್ಲ. ಇನ್ನು ಮೇಲೆ ಕೇಳುವುದೂ ಬೇಡ.

ಊರಿಗೆ ಬಂದ ಮೇಲೆ ಜನ ಬಾಯಿ ಸುಮ್ಮನೆ ಇಟ್ಟುಕೊಳ್ಳಲಿಲ್ಲ. ತಾಯಿಯ ಹಾಡೇ ಮಗಳನ್ನು ತಿಂದಿತು ಎಂದು ನನ್ನ ಗಿರಣಿಯಲ್ಲೇ ಮಾತಾಡಿದರು. ಹಾಗೆ ಅಂದ ಒಬ್ಬನ ಅಕ್ಕಿಯನ್ನು ನಾನು ಹಿಟ್ಟು ಮಾಡದೆ ಹಾಗೇ ವಾಪಸು ಕೊಟ್ಟೆ. ಅವನ ಜೇಬಿನಲ್ಲೂ ಅದೇ ಟೋನ್ ಇತ್ತು. ಶ್ವೇತ ಬಂದು ಚಿಕ್ಕಕ್ಕನ ಮುಂದೆ ಕೂತು ತಾನೇ ತಪ್ಪು ಮಾಡಿದೆನೆಂದು ಅತ್ತಳು. ಇವಳು ಅವಳ ತಲೆ ಸವರಿ, "ನಿನ್ನ ಕೈಲಿ ಎಂತ ಇತ್ತು ತಂಗಿ? ಅವಳು ಬಾಯಿ ಬಿಟ್ಟು ಕೇಳಿದ್ಲು. ನಾನು ಹೇಳ್ಲಿಲ್ಲ" ಎಂದಳು. ಅಷ್ಟೇ. ಆ ವಿಷಯವನ್ನು ಆಮೇಲೆ ಯಾರ ಹತ್ತಿರವೂ ಎತ್ತಲಿಲ್ಲ. ಶ್ವೇತ ಫೋನ್ ಇರುವವರನ್ನೆಲ್ಲ ಹುಡುಕಿ ಟೋನ್ ತೆಗೆಸಲು ಓಡಾಡಿದಳು. ಒಂದೂರಲ್ಲಿ ತೆಗೆಸಿದರೆ ಇನ್ನೊಂದೂರಲ್ಲಿ ಹೊಸ ಫೋನಿಗೆ ಏರಿರುತ್ತಿತ್ತು. ಕೆಲವರು ತೆಗೆಯುತ್ತೇವೆ ಎಂದು ಹೇಳಿ, ಅವಳು ಬೆನ್ನು ತಿರುಗಿಸಿದ ಮೇಲೆ ಇಟ್ಟುಕೊಂಡರು.

ಚಿಕ್ಕಕ್ಕ ಮದುವೆಗಳಿಗೆ ಹೋಗುವುದನ್ನು ನಿಲ್ಲಿಸಿದಳು. ಕೂಲಿಗೆ ಹೋಗುತ್ತಿದ್ದಳು, ಬರುತ್ತಿದ್ದಳು. ಆ ದಿನಗಳಲ್ಲಿ ಸಾವ್ಕಾರ್ರೇ ಎಂದು ಕರೆಯುವುದರಲ್ಲಿ ಗೇಲಿ ಇರಲಿಲ್ಲ, ಅದು ನನಗೆ ಚೆನ್ನಾಗಿ ಗೊತ್ತಾಗುತ್ತಿತ್ತು.

ಮಳೆಗಾಲ ಕಳೆದ ಮೇಲೆ ಒಂದು ದಿನ ಬಂದು, "ಆ ಸೂಜಿ ಎಷ್ಟು ವಯಸ್ಸಿನ ಮಕ್ಕಳಿಗೆ ಹಾಕ್ತಾರೆ?" ಎಂದಳು. ಶ್ವೇತಳನ್ನು ಕೇಳಿ, ಆರು ತುಂಬಿದವರಿಗೆ ಎಂದು ಹೇಳಿದೆ. ಅವಳು ಲೆಕ್ಕ ಹಾಕಿಕೊಂಡಳು. ನಿಶ್ಮಿತಳಿಗೆ ಆರಾಗಲು ಇನ್ನೊಂದು ವರ್ಷದ ಮೇಲಿತ್ತು. "ಕೂಸು ಈಗಲೂ ಅವರಮ್ಮನ ಜವಾಬೇ ಹಾಡ್ತದಂತೆ. ಬೀಗಿತಿ ಶಂಕರಮ್ಮ ಹೇಳ್ತು, ಅಮ್ಮನ ನೆನಪಾದಾಗೆಲ್ಲ ಅದನ್ನೇ ಹಾಡಿಕೊಂಡು ಮಲಗ್ತದಂತೆ. ಒಂದೇ ಸಾಕು, ಒಂದೇ ಸಾಕು ಅಂತ. ಅದರ ಬಾಯಿಂದ ಅದನ್ನ ತೆಗೀಬೇಕು ಸಾವ್ಕಾರ್ರೇ."

"ಎಂತ ಮಾರಾಯ್ತಿ, ಅದು ಅವರಮ್ಮ ಬಿಟ್ಟುಹೋದ ಹಾಡು. ಆ ಕೂಸಿಗೆ ಬೇರೆ ಎಂತ ಉಂಟು? ದೊಡ್ಡವರು ಎತ್ಕೊಂಡು ಹೋಗಿ ಎರಡು ಸೂಜಿ ಹಾಕಿಸಿದ್ರೆ ಆತಪ್ಪ" ಎಂದೆ.

"ಈ ವರ್ಷ ಎತ್ಕೊಂಡು ಹೋಗ್ತಾರೆ. ನಾಳೆ ದೊಡ್ಡದಾಗ್ತದೆ. ಅವರಮ್ಮನೂ ದೊಡ್ಡೋಳೇ ಆಗಿದ್ಲು" ಎಂದಳು ಚಿಕ್ಕಕ್ಕ.

ಮಾರನೆಯ ದಿನ ಇಬ್ಬರೂ ರಾಜಶೇಖರನ ಅಂಗಡಿಗೆ ಹೋದೆವು. ಅವನಿಗೆ ಇವಳ ಮುಖ ನೋಡಲು ಆಗುತ್ತಿರಲಿಲ್ಲ. ಸವಾಲು, ಜವಾಬು ಎರಡೂ ಒಂದೇ ರಿಂಗಿನಲ್ಲಿ ಹಿಡಿಯಬೇಕು ಎಂದಳು. ಅವನು ಕಂಪ್ಯೂಟರ್ ತೆರೆದು ನೋಡಿ, "ಮುಂದಿನ ಡೋಲು, ನಡುವಿನ ನಗು ತೆಗೆದ್ರೆ ಹಿಡಿಯುತ್ತೆ ಅಮ್ಮ" ಎಂದ. ಮೊದಲೇ ತೆಗೆಯಬಹುದಿತ್ತಲ್ಲ ಎಂದು ನಾನು ರೇಗಿದೆ. ಚಿಕ್ಕಕ್ಕ ನನ್ನ ತೋಳು ಹಿಡಿದು ಸುಮ್ಮನಿರಿಸಿದಳು. ಆಮೇಲೆ ಜಲಜಮ್ಮನ ದನಿ ತೆಗೆದುಬಿಡು, ಜವಾಬನ್ನೂ ನಾನೇ ಹಾಡುತ್ತೇನೆ ಎಂದಳು. ಕೂಸಿಗೆ ಅಜ್ಜಿಯ ದನಿ ಮಾತ್ರ ಗೊತ್ತು, ಬೇರೆಯವರು ಹೇಳಿದರೆ ಅಮ್ಮನ ಹಾಡನ್ನು ಬಿಡುವುದಿಲ್ಲ. ಜೀವಮಾನದಲ್ಲಿ ಮೊದಲ ಸಲ ಸವಾಲನ್ನೂ ಜವಾಬನ್ನೂ ತಾನೇ ಹಾಡಿದಳು. ಅಂಗಡಿಯ ಬಾಗಿಲಲ್ಲಿ ನಿಂತ ಯಾರೂ ಕೈ ತಟ್ಟಿ ನಗಲಿಲ್ಲ.

ಸುಂದರೇಶ ಆ ಟೋನ್ ಹಾಕಿಸಿಕೊಂಡ. ಅವನಿಗೂ ಶಂಕರಮ್ಮನಿಗೂ ಚಿಕ್ಕಕ್ಕ ಒಂದೇ ಮಾತು ಹೇಳಿದ್ದಳು. ದೀಪ ಹಚ್ಚುವ ಹೊತ್ತಿಗೆ ನಾನು ಫೋನ್ ಮಾಡುತ್ತೇನೆ, ಯಾರೂ ಎತ್ತಬೇಡಿ, ಕೂಸಿನ ಪಕ್ಕದಲ್ಲಿಟ್ಟು ಬಿಡಿ, ಪೂರ್ತಿ ಬಾರಿಸಲಿ. ಆವತ್ತಿನಿಂದ ಪ್ರತಿ ಸಂಜೆ ಕೆಲಸ ಬಿಟ್ಟು ಸೀದಾ ಗಿರಣಿಗೆ ಬರುತ್ತಿದ್ದಳು. ಕಾಯಿನ್ ಬಾಕ್ಸಿನಲ್ಲಿ ನಂಬರ್ ಒತ್ತಿ, ಒಂದು ರೂಪಾಯಿಯನ್ನು ಮುಷ್ಟಿಯಲ್ಲಿ ಹಿಡಿದು ನಿಲ್ಲುತ್ತಿದ್ದಳು. ಅವಳ ಕಿವಿಗೆ ಬರುತ್ತಿದ್ದುದು ಬರೀ ಟ್ರಿಂಗ್ ಟ್ರಿಂಗ್. ಹಾಡು ಕೇಳುವುದು ಬೇಗಾರಿನಲ್ಲಿ. ಇವಳು ಇಲ್ಲಿ ಗೋಡೆಗೆ ಹಣೆ ಒತ್ತಿಕೊಂಡು, ಈಗ ಸವಾಲು ಮುಗಿಯಿತು, ಈಗ ಜವಾಬು ಬಂತು ಎಂದು ಅಂದಾಜು ಮಾಡಿ ತುಟಿ ಆಡಿಸುತ್ತಿದ್ದಳು. ರಿಂಗ್ ತಾನಾಗಿ ನಿಂತ ಮೇಲೆ ಫೋನ್ ಇಟ್ಟು, ರೂಪಾಯಿಯನ್ನು ಎಲೆಅಡಿಕೆ ಚೀಲಕ್ಕೆ ಹಾಕಿಕೊಂಡು ಮನೆಗೆ ಹೋಗುತ್ತಿದ್ದಳು. ಮೊಮ್ಮಗಳ ಜತೆ ಎರಡು ಮಾತಾಡಬೇಕೆಂದು ಅವಳಿಗೆ ಎಷ್ಟು ಆಸೆಯಿತ್ತು ಎಂದು ನನಗೆ ಗೊತ್ತು. ಎತ್ತಿದರೆ ಜವಾಬು ಕಟ್ಟಾಗುತ್ತದೆ ಎಂದು ಮಾತನ್ನೇ ಬಿಟ್ಟಳು.

ಗಿರಣಿಗೆ ಬಂದವರು ಮೊದಮೊದಲು ಕೇಳುತ್ತಿದ್ದರು, "ಎತ್ತಲ್ವಾ ಚಿಕ್ಕಕ್ಕ?" ಎಂದು. ಆಮೇಲೆ ಕೇಳುವುದನ್ನು ಬಿಟ್ಟರು. ಆ ಹೊತ್ತಿಗೆ ಬೇರೆ ಯಾರಿಗಾದರೂ ಫೋನ್ ಮಾಡಬೇಕಿದ್ದರೆ 'ಆಗ್ಲಿ, ಅವಳದ್ದು ಮುಗೀಲಿ' ಎಂದು ಚೀಲದ ಮೇಲೆ ಕೂರುತ್ತಿದ್ದರು.

ಹೀಗೆ ವರ್ಷ ಕಳೆಯಿತು. ೨೦೦೯ರ ಕೊನೆಯಲ್ಲಿ ನಿಶ್ಮಿತಳಿಗೆ ಆರು ತುಂಬಿ, ಮೊದಲ ಸೂಜಿ ಆಯಿತು ಎಂದು ಸುಂದರೇಶ ತಿಳಿಸಿದ. ಚಿಕ್ಕಕ್ಕ ಸಂಜೆಯ ಫೋನ್ ನಿಲ್ಲಿಸಲಿಲ್ಲ. ಮುಂದಿನ ತಿಂಗಳು ಒಂದು ಸಂಜೆ ಎಂದಿನಂತೆ ನಂಬರ್ ಒತ್ತಿ ನಿಂತಿದ್ದಳು. ಥಟ್ಟನೆ ಆ ಕಡೆ ಯಾರೋ ಎತ್ತಿದರು. ಗಾಬರಿಯಲ್ಲಿ ಅವಳು ಮುಷ್ಟಿಯಲ್ಲಿದ್ದ ರೂಪಾಯಿಯನ್ನೇ ಮರೆತಳು, ನಾನೇ ಎದ್ದು ಹೋಗಿ ರೂಪಾಯಿ ಹಾಕಿದೆ. ಹತ್ತಿರವೇ ಇದ್ದೆನಾದ್ದರಿಂದ ಮಗುವಿನ ದನಿ ನನಗೂ ಕೇಳಿಸಿತು.

"ಅಜ್ಜಿ, ಎರಡ್ನೇದೂ ಚುಚ್ಚಿಸ್ಕೊಂಡೆ. ಅತ್ತೇ ಇಲ್ಲ ಗೊತ್ತುಂಟಾ! ಸಿಸ್ಟರ್ ನಾಳೆ ಬಾ ಅಂದ್ರು, ನಾನೇ ಇವತ್ತೇ ಅಂತ ಹಠ ಮಾಡ್ದೆ." ಆಮೇಲೆ ಕೇಳದೆಯೇ ಹಾಡತೊಡಗಿತು. ಒಂದಕ್ಕೇ ಹುಲಿಯಾಗಿ ಓಡಬೇಡ ಬೀಗಿತಿ, ತಿಂಗಳು ಕಳೆದು ಮತ್ತೊಂದು. ಸೊಲ್ಲನ್ನು ಎಳೆದು ನಿಲ್ಲಿಸುವುದರಲ್ಲಿ ಥೇಟ್ ರೇಖಾ.

ಚಿಕ್ಕಕ್ಕ ಕಣ್ಣೊರೆಸಿಕೊಂಡು ನಕ್ಕಳು. "ನನ್ನ ಬಂಗಾರ! ಇನ್ನು ಹೆದರಿಕೆ ಇಲ್ಲ" ಎಂದಳು. ಆಮೇಲೆ ದನಿ ಇಳಿಸಿ ಕೇಳಿದಳು. "ಕೂಸೆ, ಅಮ್ಮ ಕಟ್ಟಿದ್ ಜವಾಬು ಇತ್ತಲ್ಲ. ಅದನ್ನ ಒಂದೇ ಒಂದು ಸಲ ಹೇಳ್ತೀಯಾ? ಅಜ್ಜಿಗೆ ಕೇಳ್ಬೇಕು."

"ಅಮ್ಮಂದಾ?" ಮಗು ಯೋಚಿಸಿತು. "ಯಾವ್ದು ಅಜ್ಜಿ? ಅಮ್ಮ ಹಾಡು ಹೇಳ್ತಿತ್ತಾ?"

"ಎಂತೂ ಇಲ್ಲ ಬಿಡು. ಆಡ್ಕೋ ಹೋಗು" ಎಂದಳು ಚಿಕ್ಕಕ್ಕ.

ಫೋನ್ ಇಟ್ಟವಳು ನನ್ನ ಕಡೆ ತಿರುಗಿದಳು. ಗಿರಣಿಯಲ್ಲಿ ನಾವಿಬ್ಬರೇ ಇದ್ದೆವು. "ಗಿರಣಿ ಹಾಕಿ ಸಾವ್ಕಾರ್ರೇ" ಎಂದಳು. ಹಿಟ್ಟಿಗೆ ಏನೂ ಇಲ್ಲವಲ್ಲ ಎಂದೆ. "ಇಲ್ದಿದ್ರೂ ಹಾಕಿ. ನನಗೆ ಅವಳ ಜವಾಬು ಒಂದ್ಸಲ ಹಾಡ್ಬೇಕು. ಮತ್ತೆ ಯಾರ ಕಿವಿಗೂ ಬೀಳಬಾರ್ದು ಅದು."

ಖಾಲಿ ಓಡಿಸಿದರೆ ಕಲ್ಲು ಹಾಳಾಗುತ್ತದೆ. ಆದರೂ ಹಾಕಿದೆ. ಬೆಲ್ಟು ಹೊಡೆದುಕೊಳ್ಳುವ ಸದ್ದಿನಲ್ಲಿ ಅವಳು ಗೋಡೆಯ ಕಡೆ ಮುಖ ಮಾಡಿಕೊಂಡು, ಕತ್ತಿನ ನರ ಉಬ್ಬುವ ಹಾಗೆ ದನಿ ಎತ್ತಿದ್ದು ಕಾಣುತ್ತಿತ್ತು. ಹಿಂದೆ ಬೆಲ್ಟಿನ ಸದ್ದನ್ನೇ ಮುಚ್ಚುತ್ತಿದ್ದ ಆ ದನಿ ಈಗ ನನಗೆ ಒಂದಕ್ಷರವೂ ಕೇಳಿಸಲಿಲ್ಲ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ಸಾಕು ಎಂದು ಕೈಸನ್ನೆ ಮಾಡುವವರೆಗೆ ಗಿರಣಿ ಓಡುತ್ತಲೇ ಇತ್ತು.